ಸ್ಟ್ಯಾಂಡಿಯಾ, ಬಟ್ಟೆಯಾ, ಬಿದಿರ ಚಾಪೆಯಾ? ಸ್ಟಾಲ್ ಹಾಕುವವರಿಗೆ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಎಲ್ಲಾ ಕಡೆಗೂ ಹೊಂದುವ ಸ್ಟಾಲ್ ಸಾಮಾನು ಅಂತ ಯಾವುದೂ ಇಲ್ಲ. ಬೆಂಗಳೂರು, ಹುಬ್ಬಳ್ಳಿಯ ದೊಡ್ಡ ಹಾಲ್‌ನಲ್ಲಿ ಚೆಂದ ಕಾಣುವುದು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅರ್ಧ ಗಂಟೆ ನಿಲ್ಲುವುದೂ ಕಷ್ಟ. ನಮ್ಮದು ಶಿರಸಿಯಲ್ಲಿ ಮನೆಯಲ್ಲೇ ನಡೆಯುವ ಉದ್ಯೋಗ. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು (ಕೋಕಂ) ಶರಬತ್ತು, ಹಲಸಿನ ಹಪ್ಪಳ, ಜೋನಿ ಬೆಲ್ಲ. ಸ್ಟಾಲ್‌ನಲ್ಲಿ ನಾನು ಮತ್ತು ನಮ್ಮ ಓರಗಿತ್ತಿ, ಇಬ್ಬರೇ. ಹಾಗಾಗಿ ಯಾವ ಸಾಮಾನು ಕಂಡರೂ ನಾನು ಕೇಳುವುದು ಇಷ್ಟೇ: ಇಬ್ಬರು ಹೆಂಗಸರು ಏಣಿ ಇಲ್ಲದೆ, ಮೊಳೆ ಹೊಡೆಯದೆ ಇದನ್ನು ನಿಲ್ಲಿಸಬಹುದಾ?

ಜಾಗದ ಲೆಕ್ಕ ಗೊತ್ತಿರಲಿ. ಹಾಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 3 ಮೀಟರ್ ಅಗಲ, 3 ಮೀಟರ್ ಆಳದ ಸ್ಟಾಲ್. ಅಲ್ಯುಮಿನಿಯಂ ಕಂಬ, ನಡುವೆ ಬಿಳಿ ಪ್ಯಾನೆಲ್, ಸುಮಾರು ಎಂಟಡಿ ಎತ್ತರ. ಎದುರಿಗೆ ಮೇಲ್ಗಡೆ ಹೆಸರಿನ ಪಟ್ಟಿ. ಒಂದು ಟೇಬಲ್, ಎರಡು ಕುರ್ಚಿ, ಒಂದೆರಡು ಲೈಟು, ಒಂದು 5 ಆಂಪಿಯರ್ ಪ್ಲಗ್. ಪ್ಯಾನೆಲ್‌ಗೆ ಮೊಳೆ ಹೊಡೆಯುವ ಹಾಗಿಲ್ಲ. ನಮ್ಮ ಕಡೆಯ ಉತ್ಸವ, ಜಾತ್ರೆಗಳಲ್ಲಿ ಶಾಮಿಯಾನ. ಅಲ್ಲಿ ಕಂಬ ಎಲ್ಲಿ ಬರುತ್ತದೆ, ನೆಲ ಸಮ ಇದೆಯಾ ಅನ್ನುವುದು ಹೋಗಿ ನೋಡಿದ ಮೇಲೇ ತಿಳಿಯುವುದು.

ಈಗ ಹಿಂಬದಿಗೆ ಏನು ಹಾಕುವುದು? ನಾವು ಮೂರನ್ನೂ ಬಳಸಿ ನೋಡಿದ್ದೇವೆ.

ಸುರುಳಿ ಬಿಚ್ಚಿ ನಿಲ್ಲಿಸುವ ಸ್ಟ್ಯಾಂಡಿ ಎಲ್ಲರ ಹತ್ತಿರವೂ ಇದೆ. ಮೂರಡಿ ಅಗಲ, ಆರಡಿ ಎತ್ತರ. ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಹುದು, ಒಂದು ನಿಮಿಷದಲ್ಲಿ ನಿಲ್ಲಿಸಬಹುದು. ಆದರೆ ಜನ ಸೇರಿದ ಮೇಲೆ ಅದರಲ್ಲಿ ಕಾಣುವುದು ಮೇಲಿನ ಎರಡಡಿ ಮಾತ್ರ. ಕೆಳಗಿನದೆಲ್ಲ ಟೇಬಲ್ ಹಿಂದೆ, ಇಲ್ಲವೇ ಗಿರಾಕಿಗಳ ಬೆನ್ನಿನ ಹಿಂದೆ. ಅಚ್ಚು ಹಾಕಿಕೊಡುವ ಅಂಗಡಿಯವರು ಹೆಸರನ್ನು ಮೇಲೆ, ಫೋನ್ ನಂಬರನ್ನು ಕಾಲ ಬುಡದಲ್ಲಿ ಹಾಕಿಕೊಡುತ್ತಾರೆ. ಆ ನಂಬರನ್ನು ಬಗ್ಗಿ ಓದುವವರು ಯಾರು, ಅಲ್ವಾ? ಗಾಳಿಗಂತೂ ಇದು ಆಗುವುದಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಮಧ್ಯಾಹ್ನ ದಾಟಿದ ಮೇಲೆ ಪಡುವಣ ಗಾಳಿ ಬೀಸಲು ಶುರುವಾಗುತ್ತದೆ. ಸ್ಟ್ಯಾಂಡಿ ಮೊದಲು ಬಿಲ್ಲಿನ ಹಾಗೆ ಬಾಗುತ್ತದೆ, ಆಮೇಲೆ ಬುಡ ಸಮೇತ ಮಗುಚುತ್ತದೆ. ಪಾದಕ್ಕೆ ಮರಳಿನ ಚೀಲ ಇಟ್ಟೆವು. ಆಗ ಬುಡ ನಿಂತಿತು, ಹಿಂದಿನ ಕೋಲು ಕಳಚಿಕೊಂಡಿತು. ಓರಗಿತ್ತಿ "ಅಕ್ಕಾ, ಇದು ನಿಲ್ತಿಲ್ಲೆ" ಅಂದವಳೇ ಸುತ್ತಿ ಟೇಬಲ್ ಕೆಳಗೆ ತಳ್ಳಿದಳು.

ಬಟ್ಟೆ ಬ್ಯಾನರ್ ಬೇರೆಯೇ ಕಥೆ. ಫ್ಲೆಕ್ಸ್ ವಿಷಯ ಬಿಡಿ, ಕರ್ನಾಟಕದಲ್ಲಿ 2016ರಿಂದಲೇ ಅದಕ್ಕೆ ನಿಷೇಧ ಇದೆ. ಹತ್ತಿ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಮೇಲಂಚಿಗೆ ಲೋಹದ ಬಳೆ ಕೂರಿಸಿದ ತೂತು (ಐಲೆಟ್) ಹಾಕಿಸಿಕೊಂಡರೆ ಹಾಲ್‌ನ ಅಲ್ಯುಮಿನಿಯಂ ಪಟ್ಟಿಗೆ ಎಸ್ ಆಕಾರದ ಕೊಕ್ಕೆಯಲ್ಲಿ ನೇತು ಹಾಕಬಹುದು. ಕುರ್ಚಿ ಮೇಲೆ ಹತ್ತಿದರೆ ಸಾಕು. ಕೆಳಗಂಚಿಗೆ ಕೊಳವೆ ಹೊಲಿಸಿ ಅದರೊಳಗೆ ಒಂದು ಪಿವಿಸಿ ಪೈಪ್ ತೂರಿಸಿದರೆ ಬಟ್ಟೆ ನೆಟ್ಟಗೆ ಬೀಳುತ್ತದೆ. ಒಯ್ಯುವಾಗ ಅದೇ ಪೈಪ್‌ಗೆ ಸುತ್ತಿ. ಮಡಚಿದರೆ ಬಂದ ಗೆರೆ ಪ್ರದರ್ಶನ ಮುಗಿದರೂ ಹೋಗುವುದಿಲ್ಲ. ಹಾಲ್‌ಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಹಿಂಬದಿ ಪೂರ್ತಿ ಮುಚ್ಚಿ, ಎದೆಮಟ್ಟದಿಂದ ಮೇಲೆ ಮಾತ್ರ ಅಕ್ಷರ. ಸಮುದ್ರದ ಬದಿಗೆ ಮಾತ್ರ ಬೇಡ. ಅಷ್ಟಗಲದ ಬಟ್ಟೆ ಗಾಳಿ ತುಂಬಿಕೊಂಡರೆ ಶಾಮಿಯಾನದ ಕಂಬವನ್ನೇ ಎಳೆಯುತ್ತದೆ.

ಅಲ್ಲಿಗೆ ಬಿದಿರ ಚಾಪೆಯೇ ಸರಿ. ಹೆಣಿಗೆಯ ಸಂದಿಯಲ್ಲಿ ಗಾಳಿ ಹಾದು ಹೋಗುತ್ತದೆ. ಸುತ್ಲಿ ದಾರದಲ್ಲಿ ಕಂಬಕ್ಕೆ ನಾಲ್ಕೈದು ಕಡೆ ಬಿಗಿದರೆ ಮುಗಿಯಿತು. ಹೆಸರಿಗೆ ಒಂದು ಪ್ಲೈವುಡ್ ಹಲಗೆ ಬರೆಸಿ ಅದರ ಮೇಲೆ ತೂಗು ಹಾಕಿ. ಉಪ್ಪಿನಕಾಯಿ, ಹಪ್ಪಳಕ್ಕೆ ಈ ಹಿಂಬದಿ ಒಪ್ಪುತ್ತದೆ ಕೂಡ. ತೊಂದರೆ ಮೂರು. ಭಾರ ಮತ್ತು ಉದ್ದ, ಬಸ್ಸಿನಲ್ಲಿ ಒಯ್ಯಲಾಗದು. ಕೆಲವು ಹಾಲ್‌ಗಳಲ್ಲಿ ಬೆಂಕಿಯ ಭಯಕ್ಕೆ ಬಿದಿರು ಒಳಗೆ ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಬೇಕು. ಮತ್ತೆ ನಮ್ಮ ಶಿರಸಿ ಮಳೆಗೆ ಬೂಸಲು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಚಾಪೆಗೆ ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಬರಲಿ.

ಇನ್ನು ಮಾಲು ಜೋಡಿಸುವ ವಿಷಯ. ನನ್ನ ಪ್ರಕಾರ ಹಿಂಬದಿಗಿಂತ ಇದು ದೊಡ್ಡದು. ಅವರು ಕೊಡುವ ಟೇಬಲ್ ಎತ್ತರ ಎರಡೂವರೆ ಅಡಿ. ಅದರ ಮೇಲೆ ಬಾಟಲಿ ಹರಡಿದರೆ ಎದುರಿಗೆ ನಿಂತ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಕಾಣುವುದಿಲ್ಲ. ಮಾಲು ಎದೆಯಿಂದ ಕಣ್ಣಿನ ಮಟ್ಟಕ್ಕೆ ಏರಬೇಕು.

ಕಬ್ಬಿಣದ ಬೋಲ್ಟ್ ರ‍್ಯಾಕ್ ಗಟ್ಟಿ. ಐದು ಹಲಗೆ, ತುಂಬಾ ಮಾಲು ಹಿಡಿಸುತ್ತದೆ. ಆದರೆ ಸ್ಪ್ಯಾನರ್ ಬೇಕು, ಬೋಲ್ಟು ನಟ್ಟು ಎಣಿಸಬೇಕು. ಒಂದು ನಟ್ಟು ಹುಲ್ಲಿನಲ್ಲಿ ಬಿದ್ದರೆ ರ‍್ಯಾಕ್ ಓಲಾಡುತ್ತದೆ, ಮೇಲೆ ಗಾಜಿನ ಬಾಟಲಿ! ಕರಾವಳಿಯ ಉಪ್ಪುಗಾಳಿಗೆ ತುಕ್ಕು ಬೇರೆ. ಅದಕ್ಕಿಂತ ಕಷ್ಟ ಬಿಚ್ಚುವಾಗ. ಕೊನೆಯ ದಿನ ರಾತ್ರಿ ಎಲ್ಲರಿಗೂ ಅವಸರ, ಲೈಟು ಆರಿಸುತ್ತಿರುತ್ತಾರೆ, ನಾವು ಮೊಬೈಲ್ ಬೆಳಕಿನಲ್ಲಿ ಬೋಲ್ಟು ತಿರುಗಿಸುತ್ತಾ ಕೂರಬೇಕು.

ನಾವು ಈಗ ಬಳಸುವುದು ಪ್ಲೈವುಡ್ ಪೆಟ್ಟಿಗೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಬಡಗಿಯ ಹತ್ತಿರ ಹೇಳಿ ಮಾಡಿಸಿದ್ದು, ಎರಡು ಬದಿಗೆ ಕೈ ಹಾಕಲು ತೂತು. ಬಾಟಲಿ ತುಂಬಿಕೊಂಡು ಹೋಗುವುದೂ ಅದರಲ್ಲೇ, ಅಲ್ಲಿ ಮಗ್ಗುಲಾಗಿಸಿ ಟೇಬಲ್ ಮೇಲೆ ಒಂದರ ಮೇಲೊಂದು ಎರಡು ಸಾಲು ಇಟ್ಟರೆ ಅದೇ ಕಪಾಟು. ಟೇಬಲ್ ಎರಡೂವರೆ ಅಡಿ, ಪೆಟ್ಟಿಗೆ ಎರಡಡಿ. ಮೇಲಿನ ಸಾಲಿನ ತಲೆಯ ಮೇಲೆ ನಿಂತ ಶರಬತ್ತಿನ ಬಾಟಲಿ ಸರಿಯಾಗಿ ಕಣ್ಣಿಗೇ ಬರುತ್ತದೆ. ಪೆಟ್ಟಿಗೆಗಳನ್ನು ಒಂದಕ್ಕೊಂದು ಕೇಬಲ್ ಟೈ ಹಾಕಿ ಬಿಗಿಯಲೇಬೇಕು, ಮಕ್ಕಳು ಎಳೆಯುತ್ತಾರೆ. ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟ್ ಇದಕ್ಕಿಂತ ಹಗುರ, ಅಗ್ಗ. ಕೆಲಸವೂ ಆಗುತ್ತದೆ. ಆದರೆ ನೋಡಲು ಟೊಮೆಟೊ ಮಂಡಿ.

ಲೈಟಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕು. ಬೆಳ್ಳಗಿನ ಎಲ್‌ಇಡಿ, ಅಂದರೆ ಡಬ್ಬಿ ಮೇಲೆ 6500 ಕೆಲ್ವಿನ್ ಅಂತ ಇರುವುದು, ಉಪ್ಪಿನಕಾಯಿಯ ಕೆಂಪನ್ನು ಕಂದು ಮಾಡಿಬಿಡುತ್ತದೆ. 3000 ಕೆಲ್ವಿನ್‌ನ ವಾರ್ಮ್ ವೈಟ್ ಹಾಕಿ ನೋಡಿ. ಅದರಲ್ಲೂ ಮುರುಗಲು ಶರಬತ್ತಿನ ಬಾಟಲಿಯ ಹಿಂದೆ ಒಂದು ಸಣ್ಣ ಬಲ್ಬ್ ಇಟ್ಟರೆ ಬಾಟಲಿ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. "ಇದಕ್ಕೆ ಬಣ್ಣ ಹಾಕಿದೀರಾ?" ಅಂತ ಕೇಳುತ್ತಾರೆ. ಕೇಳಲಿ, ಮಾತು ಶುರುವಾಯಿತಲ್ಲ. ಹಳೇ ಹ್ಯಾಲೊಜೆನ್ ಲೈಟಿನ ಬಣ್ಣವೂ ಚೆಂದವೇ, ಆದರೆ ಅದರ ಶಾಖಕ್ಕೆ ಸ್ಟಾಲ್ ಒಳಗೆ ನಿಲ್ಲಲು ಆಗುವುದಿಲ್ಲ.

ರುಚಿ ನೋಡಲು ಕೊಡುವುದಿದ್ದರೆ ಇಂಡಕ್ಷನ್ ಒಲೆ ಒಯ್ಯಬೇಡಿ. 2000 ವ್ಯಾಟ್ ಒಲೆ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ, ನಿಮಗೆ ಕೊಟ್ಟದ್ದು 5. ಟ್ರಿಪ್ ಆದರೆ ಅಕ್ಕಪಕ್ಕದವರ ಸ್ಟಾಲೂ ಕತ್ತಲು, ಅವರ ಮುಖ ನೋಡಲಾಗದು. ಬಿಸಿ ಅಪ್ಪೆಹುಳಿ (ಮಾವಿನಕಾಯಿಯ ತೆಳ್ಳಗಿನ ಸಾರು) ಕೊಡುವ ಆಸೆ ಇದ್ದರೆ ದೊಡ್ಡ ಸ್ಟೀಲ್ ಫ್ಲಾಸ್ಕ್ ಸಾಕು. ಹಪ್ಪಳ ಹಾಲ್‌ನಲ್ಲಿ ತಟ್ಟೆಯಲ್ಲೇ ಇಡಬಹುದು. ಕಾರವಾರದಲ್ಲಿ ಗಾಜಿನ ಭರಣಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಇಲ್ಲದಿದ್ದರೆ ಸಂಜೆಯೊಳಗೆ ಮೆತ್ತಗೆ.

ಸಾಗಣೆಗೆ ಬಸ್ಸು ಅಗ್ಗ, ಆದರೆ ಪೆಟ್ಟಿಗೆ ಜಾಸ್ತಿ ಆದರೆ ಆಗದು. ಟಾಟಾ ಏಸ್ ಮಾಡಿದರೆ ಮನೆ ಬಾಗಿಲಿನಿಂದ ಸ್ಟಾಲ್ ಬಾಗಿಲಿಗೆ. ನಮ್ಮಂಥ ಇನ್ನೊಬ್ಬರ ಜೊತೆ ಬಾಡಿಗೆ ಹಂಚಿಕೊಂಡರೆ ಹೊರೆಯಲ್ಲ. ಎರಡರಲ್ಲಿ ಯಾವುದಾದರೂ ಸರಿ, ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ಘಟ್ಟದ ತಿರುವುಗಳಿವೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳದೊಳಗೆ ಸೀಲ್ ಇಲ್ಲದಿದ್ದರೆ ಎಣ್ಣೆ ಸೋರುತ್ತದೆ, ಲೇಬಲ್ ಹಾಳು. ಬಾಟಲಿಗಳ ನಡುವೆ ಭತ್ತದ ಹುಲ್ಲಿಗಿಂತ ರಟ್ಟಿನ ಅಡ್ಡಪಟ್ಟಿ ವಾಸಿ. ಹುಲ್ಲು ಚೆನ್ನಾಗಿ ಹಿಡಿಯುತ್ತದೆ, ಆದರೆ ಹಾಲ್‌ನ ಕಾರ್ಪೆಟ್‌ನಿಂದ ಅದನ್ನು ಹೆಕ್ಕುವವರು ಯಾರು?

ದುಡ್ಡು ತೆಗೆದುಕೊಳ್ಳಲು ಕ್ಯೂಆರ್ ಹಲಗೆ ಎರಡು ಇರಲಿ, ಟೇಬಲ್‌ನ ಎರಡೂ ತುದಿಗೆ ಒಂದೊಂದು. ಸಂಜೆ ಏಳರ ಮೇಲೆ ಜನ ತುಂಬಿದಾಗ ನೆಟ್‌ವರ್ಕ್ ಸುತ್ತುತ್ತಲೇ ಇರುತ್ತದೆ, ಆಗ ನಗದೇ ಗತಿ. ಹತ್ತು, ಇಪ್ಪತ್ತರ ನೋಟನ್ನು ಊರಲ್ಲೇ ಜೋಡಿಸಿಕೊಂಡು ಹೋಗಿ. ಅಲ್ಲಿ ಪಕ್ಕದ ಸ್ಟಾಲ್‌ನವರೂ ಚಿಲ್ಲರೆಗೆ ನಿಮ್ಮ ಹತ್ತಿರವೇ ಬರುತ್ತಾರೆ.