ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗಾಗಿ ಕೊಳ್ಳಬೇಕಾದ ಡಿಸ್ಕ್: ‘ಎ ಪ್ಯಾಸೇಜ್ ಟು ಇಂಡಿಯಾ’ ಬ್ಲೂ-ರೇ

ಇಂಗ್ಲಿಷ್ ರಂಗಭೂಮಿಯ ಮಹಾನಟಿ ಪೆಗ್ಗಿ ಆಶ್‌ಕ್ರಾಫ್ಟ್ ಅವರ ಅಭಿನಯವನ್ನು ಕಣ್ಣಾರೆ ಕಾಣಬಯಸುವವರಿಗೆ ಇಂದು ದಕ್ಕುವುದು ಬಹಳ ಕಡಿಮೆ. 1907ರಲ್ಲಿ ಕ್ರಾಯ್ಡನ್ನಿನಲ್ಲಿ ಹುಟ್ಟಿ, 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ವೃತ್ತಿರಂಗವನ್ನೇರಿದ ಅವರು ತಮ್ಮ ಶಕ್ತಿಯ ಬಹುಪಾಲನ್ನು ನಾಟಕಕ್ಕೇ ಕೊಟ್ಟರು. ಜಾನ್ ಗೀಲ್ಗುಡ್ ಮತ್ತು ಲಾರೆನ್ಸ್ ಒಲಿವಿಯರ್ ಸರದಿಯ ಮೇಲೆ ರೋಮಿಯೋ ಆದ 1935ರ ಪ್ರಯೋಗದಲ್ಲಿ ಜೂಲಿಯೆಟ್ ಆಗಿದ್ದವರು ಇವರೇ. ಆ ಜೂಲಿಯೆಟ್ಟನ್ನಾಗಲಿ, ನಾರ್ವೆಯ ದೊರೆ ಚಿನ್ನದ ಪದಕವಿತ್ತು ಗೌರವಿಸಿದ, ಆ ನಾಡಿನ ನಾಟಕಕಾರ ಇಬ್ಸೆನ್ನರ ನಾಯಕಿ ಹೆಡ್ಡಾ ಗ್ಯಾಬ್ಲರಳನ್ನಾಗಲಿ ನಾವು ಓದಿ ಊಹಿಸಿಕೊಳ್ಳಬೇಕಷ್ಟೆ. ಹೀಗಿರುವಾಗ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಮಾಡಿದ ಶ್ರೀಮತಿ ಮೂರ್ ಪಾತ್ರ ಒಳ್ಳೆಯ ಬ್ಲೂ-ರೇ ಡಿಸ್ಕಿನಲ್ಲಿ ದೊರೆಯುತ್ತಿರುವುದು ಸಣ್ಣ ಸಂಗತಿಯಲ್ಲ.

ಇ. ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿಯನ್ನು ಆಧರಿಸಿದ, ಎರಡೂಮುಕ್ಕಾಲು ಗಂಟೆಗೆ ಸಮೀಪದ ಈ ಚಿತ್ರದ ಕತೆ ಅನೇಕರಿಗೆ ಗೊತ್ತಿರುವುದೇ. ಚಂದ್ರಾಪುರ ಎಂಬ ಕಲ್ಪಿತ ಊರಿನಲ್ಲಿ ಮ್ಯಾಜಿಸ್ಟ್ರೇಟನಾಗಿರುವ ಮಗನನ್ನು ನೋಡಲು ಇಂಗ್ಲೆಂಡಿನಿಂದ ಬರುವ ವೃದ್ಧೆ ಶ್ರೀಮತಿ ಮೂರ್‌ಗೂ ಅಲ್ಲಿನ ಯುವ ವೈದ್ಯ ಅಜೀಜ್‌ಗೂ ಸ್ನೇಹ ಬೆಳೆಯುತ್ತದೆ. ಗುಹೆಗಳ ಪ್ರವಾಸವೊಂದು ಅಜೀಜ್‌ನ ಮೇಲಿನ ಆಪಾದನೆಯಲ್ಲಿ, ಮೊಕದ್ದಮೆಯಲ್ಲಿ ಮುಗಿಯುತ್ತದೆ. ನಾನು ಒತ್ತಿ ಹೇಳಬೇಕೆಂದಿರುವುದು ಆಶ್‌ಕ್ರಾಫ್ಟ್ ಅವರು ಇಲ್ಲಿ ಆಡುವ ಮಾತಿಗಿಂತ ಕೇಳಿಸಿಕೊಳ್ಳುವ ರೀತಿಯ ಬಗ್ಗೆ.

ಮಸೀದಿಯ ದೃಶ್ಯವನ್ನೇ ನೋಡಿ. ಬೆಳದಿಂಗಳಲ್ಲಿ ಬಿಳಿಯ ಉಡುಪಿನ ಆಕೃತಿಯನ್ನು ಕಂಡು ಬೆಚ್ಚಿದ ಅಜೀಜ್, ಚಪ್ಪಲಿ ಕಳಚದೆ ಒಳಗೆ ಬಂದಿದ್ದಾಳೆಂದು ಭಾವಿಸಿ ಗದರುತ್ತಾನೆ. ತಾನು ಆಗಲೇ ಕಳಚಿಟ್ಟಿದ್ದೇನೆ ಎಂದು ತಿಳಿಸುವಾಗ ಆಶ್‌ಕ್ರಾಫ್ಟ್ ಅವರ ದನಿಯಲ್ಲಿ ನೊಂದುಕೊಂಡ ಬಿಂಕವೂ ಇಲ್ಲ, ಆಳುವ ಜನಾಂಗದ ಹೆಂಗಸು ತೋರಬಹುದಾದ ಔದಾರ್ಯದ ಸೋಗೂ ಇಲ್ಲ. ದೇವರಿರುವ ಜಾಗದಲ್ಲಿ ಯಾರಾದರೂ ಮಾಡುವುದನ್ನೇ ತಾನೂ ಮಾಡಿದೆ ಎಂಬ ಸಹಜತೆಯಷ್ಟೇ ಅಲ್ಲಿದೆ. ಅನಂತರ ಅಜೀಜ್ ತನ್ನ ಕತೆ ಹೇಳಿಕೊಳ್ಳುತ್ತಿರುವಷ್ಟು ಹೊತ್ತೂ ಕ್ಯಾಮೆರಾ ಅವರ ಕಡೆ ತಿರುಗಿದಾಗಲೆಲ್ಲ ಆ ಮುಖ ಅವನ ಮಾತಿನೊಂದಿಗೆ ಹೆಜ್ಜೆ ಹಾಕುತ್ತಿರುತ್ತದೆ. ಆದರೂ ಹುಬ್ಬೇರಿಸುವುದು, ತಲೆದೂಗುವುದು ಮುಂತಾದ ಸಿದ್ಧ ಚೇಷ್ಟೆಗಳು ಒಂದೂ ಕಾಣವು. ವಿಕ್ಟರ್ ಬ್ಯಾನರ್ಜಿ ಅವರ ಅಜೀಜ್ ಈ ದೃಶ್ಯದಲ್ಲಿ ಅಷ್ಟು ಅರಳುವುದಕ್ಕೆ ಎದುರಿಗಿರುವ ಕೇಳುಗಳೇ ಕಾರಣವೆಂದು ನನ್ನ ಎಣಿಕೆ.

ಈ ಪಾತ್ರಕ್ಕೂ ಅವರ ಬಾಳಿಗೂ ನಂಟಿದೆ. 1930ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅವರು ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಪಾಲ್ ರೋಬ್ಸನ್ ಅವರ ಒಥೆಲೋಗೆ ಡೆಸ್ಡಿಮೋನಾ ಆದರು. ಕಪ್ಪು ನಟನೊಬ್ಬನ ಜೊತೆಯಲ್ಲಿ ರಂಗದ ಮೇಲೆ ಕಾಣಿಸಿಕೊಂಡದ್ದಕ್ಕೆ ಅವರಿಗೆ ನಿಂದನೆಯ ಪತ್ರಗಳು ಬಂದವು. ತನ್ನ ಜನವೇ ಕಟ್ಟಿದ ವರ್ಣಭೇದದ ಬೇಲಿಯನ್ನು ಕಂಡು ಸಂಕಟಪಡುವ ಶ್ರೀಮತಿ ಮೂರ್ ಆಶ್‌ಕ್ರಾಫ್ಟ್ ಅವರಿಗೆ ಅಪರಿಚಿತಳಾಗಿರಲಿಲ್ಲ. ಇನ್ನು ವಯಸ್ಸಿನ ವಿಷಯ. 1961ರಲ್ಲಿ ನಿರ್ದೇಶಕ ಪೀಟರ್ ಹಾಲ್ ರಾಯಲ್ ಶೇಕ್ಸ್‌ಪಿಯರ್ ಕಂಪನಿಯನ್ನು ಕಟ್ಟಿದಾಗ ಅವರ ಬೆನ್ನಿಗೆ ನಿಂತು, ಮುಂದೆ ಆ ತಂಡದ ‘ದಿ ವಾರ್ಸ್ ಆಫ್ ದ ರೋಸಸ್’ ನಾಟಕಮಾಲೆಯಲ್ಲಿ ರಾಣಿ ಮಾರ್ಗರೆಟ್‌ಳನ್ನು ಹರೆಯದಿಂದ ಮುಪ್ಪಿನವರೆಗೂ ಅಭಿನಯಿಸಿದಾಗ ಆಶ್‌ಕ್ರಾಫ್ಟ್ ಐವತ್ತು ದಾಟಿದ್ದರು. ಅದನ್ನು ಬಿಬಿಸಿ 1965ರಲ್ಲಿ ಪ್ರಸಾರ ಮಾಡಿದ್ದರಿಂದ ಅದೊಂದು ನಮಗೆ ಉಳಿದಿದೆ. ಈ ಡಿಸ್ಕ್ ಇಷ್ಟವಾದವರು ಅದನ್ನೂ ಹುಡುಕಿ ನೋಡಬೇಕು.

ಗುಹೆಯ ಭಾಗ ಕನ್ನಡಿಗರಿಗೆ ಇನ್ನೊಂದು ಬಗೆಯಲ್ಲಿ ಹತ್ತಿರದ್ದು. ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟವಾದರೂ, ಲೀನ್ ಆರಿಸಿಕೊಂಡದ್ದು ಮಾಗಡಿಯ ಸಾವನದುರ್ಗವನ್ನು ಮತ್ತು ರಾಮನಗರದ ರಾಮದೇವರ ಬೆಟ್ಟವನ್ನು. ಚಂದ್ರಾಪುರದ ಪೇಟೆ ಎದ್ದು ನಿಂತದ್ದು ಬೆಂಗಳೂರಿನ ಅರಮನೆ ಮೈದಾನದ ಸೆಟ್ಟಿನಲ್ಲಿ. ಬ್ಲೂ-ರೇಯ ಸ್ಪಷ್ಟತೆ ನಿಜವಾಗಿ ಸಾರ್ಥಕವಾಗುವುದು ಇಲ್ಲಿ. ಆನೆಯ ಮೇಲೆ ಕುಳಿತ ತಂಡ ಹೆಬ್ಬಂಡೆಯ ಬುಡದಲ್ಲಿ ಸಾಗುವಾಗ, ಮಳೆನೀರು ಇಳಿದು ಮೂಡಿದ ಕಪ್ಪು ಪಟ್ಟೆಗಳನ್ನು ಸಾವನದುರ್ಗ ಹತ್ತಿದ ಯಾರಾದರೂ ಗುರುತಿಸಬಲ್ಲರು. ಗುಹೆಯೊಳಗಿನ ನೂಕುನುಗ್ಗಲು, ಪ್ರತಿಧ್ವನಿ, ಉಸಿರುಕಟ್ಟು ಇವುಗಳಿಂದ ತಪ್ಪಿಸಿಕೊಂಡು ಹೊರಬಂದು ಕುಳಿತ ಶ್ರೀಮತಿ ಮೂರ್ ಬೇರೆಯದೇ ಹೆಂಗಸು. ನಂಬಿಕೆಯೊಂದು ಒಳಗೇ ಕುಸಿದುಹೋದದ್ದನ್ನು ಆಶ್‌ಕ್ರಾಫ್ಟ್ ದಣಿವಿನಂತೆ ತೋರಿಸುತ್ತಾರೆ, ಸುತ್ತಲಿನವರೂ ಅದನ್ನು ದಣಿವೆಂದೇ ತಿಳಿಯುತ್ತಾರೆ. ಆ ಬಳಿಕ ಅವರು ಸಿಡುಕಿನ ಮುದುಕಿಯಾಗುವುದನ್ನು ಪ್ರೇಕ್ಷಕರ ಮೆಚ್ಚುಗೆಗಾಗಿ ಒಂದಿಷ್ಟೂ ಮೆದುಗೊಳಿಸಿಲ್ಲ.

ಈ ಅಭಿನಯಕ್ಕೆ ಅವರಿಗೆ 1985ರಲ್ಲಿ ಪೋಷಕ ನಟಿಯ ಆಸ್ಕರ್ ಬಂತು, ಆಗ ಅವರಿಗೆ ಎಪ್ಪತ್ತೇಳು. ಬ್ರಿಟನ್ನಿನ ಬಾಫ್ಟಾ ಮಾತ್ರ ಇದೇ ಪಾತ್ರಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿಯನ್ನೇ ಕೊಟ್ಟಿತು. ಎರಡನೆಯ ತೀರ್ಮಾನವೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವರು ತೆರೆಯಿಂದ ಮರೆಯಾದ ಮೇಲೂ ಚಿತ್ರ ಅವರ ಸುತ್ತಲೇ ತಿರುಗುತ್ತದೆ.

ಕೊರತೆಗಳೂ ಇವೆ. ಅಲೆಕ್ ಗಿನ್ನೆಸ್ ಅವರಂಥ ಹಿರಿಯ ಇಂಗ್ಲಿಷ್ ನಟ ಬಣ್ಣ ಬಳಿದುಕೊಂಡು ಭಾರತೀಯ ಪ್ರೊಫೆಸರ್ ಗೋಡಬೋಲೆ ಆಗಿರುವುದು ಇಂದು ನೋಡುವಾಗ ಮುಜುಗರ ತರುತ್ತದೆ. ಸ್ಫುಟವಾದ ಚಿತ್ರದಲ್ಲಿ ಆ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ. ಡಿಸ್ಕಿನೊಂದಿಗೆ ಬರುವ ಹೆಚ್ಚುವರಿ ಭಾಗಗಳಲ್ಲಿ ನಿರ್ಮಾಪಕರಲ್ಲೊಬ್ಬರಾದ ರಿಚರ್ಡ್ ಗುಡ್‌ವಿನ್ ಅವರ ವ್ಯಾಖ್ಯಾನ ಕೇಳತಕ್ಕದ್ದು. ಫಾರ್ಸ್ಟರ್ ಬಗ್ಗೆ, ಲೀನ್ ಬಗ್ಗೆ, ಪಾತ್ರಗಳ ಆಯ್ಕೆಯ ಬಗ್ಗೆ ಪ್ರತ್ಯೇಕ ಕಿರುಚಿತ್ರಗಳಿವೆ. ಆದರೆ ಚಿತ್ರಕ್ಕೆ ಆಸ್ಕರ್ ತಂದ ನಟಿಗೆಂದೇ ಮೀಸಲಾದ ಒಂದು ಭಾಗವೂ ಇಲ್ಲ. ಅವರ ರಂಗಜೀವನದ ಛಾಯಾಚಿತ್ರಗಳನ್ನು ಜೋಡಿಸಿ ಹತ್ತು ನಿಮಿಷದ ಪರಿಚಯವನ್ನಾದರೂ ಕೊಟ್ಟಿದ್ದರೆ, ಶ್ರೀಮತಿ ಮೂರ್ ಎಲ್ಲಿಂದ ಬಂದಳೆಂಬುದು ಹೊಸ ಪ್ರೇಕ್ಷಕರಿಗೆ ತಿಳಿಯುತ್ತಿತ್ತು.

ಕನ್ನಡದ ಅಡಿಬರಹ ಇಲ್ಲವಾದರೂ ಇಂಗ್ಲಿಷಿನದು ಇದೆ, ಮತ್ತು ಆಶ್‌ಕ್ರಾಫ್ಟ್ ಅವರ ಉಚ್ಚಾರಣೆ ಅದಿಲ್ಲದೆಯೂ ತಿಳಿಯುವಷ್ಟು ಸ್ವಚ್ಛವಾಗಿದೆ. ಹೊರದೇಶದಿಂದ ತರಿಸಿಕೊಳ್ಳುವವರು ತಮ್ಮ ಪ್ಲೇಯರಿಗೆ ಹೊಂದುವ ಪ್ರತಿಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಫೋನಿನ ಪರದೆಯಲ್ಲಿ ಇದನ್ನು ನೋಡಬೇಡಿರೆಂದು ಕಳಕಳಿಯಿಂದ ಕೋರುತ್ತೇನೆ. ಮಸೀದಿಯ ದೃಶ್ಯದಲ್ಲಿ ಆ ಮುಖದ ಮೇಲೆ ನಡೆಯುವುದು ಅಲ್ಲಿ ಕಾಣುವುದಿಲ್ಲ.