ಊರು ಬಿಟ್ಟ ಕಲ್ಲುಗಳ ವಿಳಾಸ: 'ಮ್ಯೂಸಿಯಮ್ಸ್ ಆಫ್ ಇಂಡಿಯಾ' ಜಾಲತಾಣದ ಪರಾಮರ್ಶೆ

ದೇಶದ ಪ್ರಮುಖ ವಸ್ತುಸಂಗ್ರಹಾಲಯಗಳಲ್ಲಿರುವ ವಸ್ತುಗಳನ್ನು ಮನೆಯಲ್ಲೇ ಕುಳಿತು ನೋಡಲು ಅನುವು ಮಾಡಿಕೊಡುವ 'ಮ್ಯೂಸಿಯಮ್ಸ್ ಆಫ್ ಇಂಡಿಯಾ' ಜಾಲತಾಣವನ್ನು ಕೇಂದ್ರ ಸಂಸ್ಕೃತಿ ಸಚಿವಾಲಯ 2014ರಲ್ಲಿ ಆರಂಭಿಸಿತು. ಬಳಸಲು ಶುಲ್ಕವಿಲ್ಲ. ಇದಕ್ಕೆ ಆಧಾರವಾದ 'ಜತನ್' ತಂತ್ರಾಂಶ ಸಿದ್ಧವಾದದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಪುಣೆಯ ಸಿ-ಡ್ಯಾಕ್‌ನಲ್ಲಿ. ಮೊದಲ ಹಂತದಲ್ಲಿ ಸೇರಿಕೊಂಡ ಹತ್ತು ಸಂಗ್ರಹಾಲಯಗಳಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಹೈದರಾಬಾದಿನ ಸಾಲಾರ್ ಜಂಗ್ ಮುಂತಾದ ದೊಡ್ಡ ಸಂಸ್ಥೆಗಳೊಂದಿಗೆ ಮುಂಬಯಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗಳೂ ಹಳೆ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯವೂ ಇವೆ. ಪಶ್ಚಿಮ ಕರಾವಳಿಯಲ್ಲಿ ನೆಲೆ ನಿಂತ ಕನ್ನಡಿಗರು ಇದನ್ನು ಬಳಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅದಕ್ಕೆ ಮುಖ್ಯ ಕಾರಣ ಗೋವಾದ ಸಂಗ್ರಹ.

ಹಳೆ ಗೋವಾದ ಆ ಸಂಗ್ರಹಾಲಯ ಸಂತ ಫ್ರಾನ್ಸಿಸ್ ಅಸಿಸಿಯ ಚರ್ಚಿಗೆ ಸೇರಿದ ಹಳೆಯ ಕಾನ್ವೆಂಟ್ ಕಟ್ಟಡದಲ್ಲಿದೆ. ಪ್ರವಾಸಿಗರಲ್ಲಿ ಹೆಚ್ಚಿನವರು ಪೋರ್ಚುಗೀಸ್ ವೈಸರಾಯ್‌ಗಳ ಭಾವಚಿತ್ರಗಳನ್ನೂ ಗೋವೆಯನ್ನು ಗೆದ್ದ ಅಲ್ಬುಕರ್ಕನ ಕಂಚಿನ ಪ್ರತಿಮೆಯನ್ನೂ ನೋಡಿ ಹೊರಬರುತ್ತಾರೆ. ಆದರೆ ಅಲ್ಲಿಯೇ ಕದಂಬರ ಕಾಲದ ವೀರಗಲ್ಲುಗಳಿವೆ, ಸಹಗಮನ ಮಾಡಿದ ಹೆಂಗಸರ ನೆನಪಿನ ಮಾಸ್ತಿಕಲ್ಲುಗಳಿವೆ. ಬೆಳಗಾವಿ ಜಿಲ್ಲೆಯ ಹಲಸಿಯನ್ನೂ ಗೋವೆಯನ್ನೂ ಒಟ್ಟಿಗೆ ಆಳಿದ, ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದ ಆ ಅರಸು ಮನೆತನಕ್ಕೆ ಹಡಗಿನ ಬಲವಿತ್ತು ಎಂಬುದನ್ನು ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿ ಮರೆತವರು, ಹುಟ್ಟುಗಳ ಸಾಲಿನೊಂದಿಗೆ ಕಲ್ಲಿನಲ್ಲಿ ಕಡೆದ ನೌಕೆಯನ್ನು ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ ಎಂಬ ನಮ್ಮ ವೀರಗಲ್ಲುಗಳ ಕ್ರಮವೇ ಸಮುದ್ರದ ದಂಡೆಯಲ್ಲಿಯೂ ಮುಂದುವರಿದಿದೆ.

ಜಾಲತಾಣದ ನಿಜವಾದ ಬೆಲೆ ಇರುವುದು ಚಿತ್ರಕ್ಕಿಂತ ಹೆಚ್ಚಾಗಿ ಅದರ ಕೆಳಗಿನ ವಿವರಪಟ್ಟಿಯಲ್ಲಿ ಎಂದು ನನ್ನ ಅಭಿಪ್ರಾಯ. ವಸ್ತುವಿನ ಹೆಸರು, ಅದು ಇರುವ ಸಂಗ್ರಹಾಲಯ, ಬಳಸಿದ ಸಾಮಗ್ರಿ, ತಯಾರಾದ ಬಗೆ, ಹುಟ್ಟಿದ ಸ್ಥಳ, ಸಿಕ್ಕಿದ ಸ್ಥಳ, ರಾಜವಂಶ ಹೀಗೆ ಒಂದೊಂದಕ್ಕೂ ಬೇರೆಬೇರೆ ಜಾಗ ಮಾಡಿದ್ದಾರೆ. ಹುಟ್ಟಿದ ಸ್ಥಳ ಮತ್ತು ಸಿಕ್ಕಿದ ಸ್ಥಳ ಎರಡನ್ನೂ ಪ್ರತ್ಯೇಕವಾಗಿ ಕೇಳಿರುವುದು ಸಣ್ಣ ಸಂಗತಿಯಂತೆ ಕಂಡರೂ ಬಹಳ ವಿವೇಕದ ಕೆಲಸ. ಇಂತಹ ದಾಖಲೆ ಎಷ್ಟು ಬಲವಾದದ್ದು ಎಂಬುದಕ್ಕೆ ತಮಿಳುನಾಡಿನ ಶ್ರೀಪುರಂತಾನ್ ದೇವಾಲಯದ ನಟರಾಜನೇ ಸಾಕ್ಷಿ. ಕಳವಾಗಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿ ಸೇರಿದ್ದ ಆ ಕಂಚಿನ ವಿಗ್ರಹವನ್ನು ಗುರುತಿಸಲು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಯೇ ತೆಗೆದಿಟ್ಟಿದ್ದ ಛಾಯಾಚಿತ್ರಗಳು ನೆರವಾದವು, ಮತ್ತು 2014ರಲ್ಲಿ ಅದು ಭಾರತಕ್ಕೆ ಮರಳಿತು. ಅದೃಷ್ಟ ಯಾವಾಗಲೂ ಹೀಗೆ ಇರುವುದಿಲ್ಲ: 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಬೆಂಕಿಗೆ ಸಿಕ್ಕಿತು, ಹಾಗೆ ಸುಟ್ಟುಹೋದ ಮಾದರಿಗಳ ನೆನಪು ಉಳಿಯುವುದು ದಾಖಲೆಯಲ್ಲಿ ಮಾತ್ರ.

ಇನ್ನು ಆಗಬೇಕಾದ ಕೆಲಸದ ಮಾತು. ವಿವರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ವೀರಗಲ್ಲನ್ನು ಹುಡುಕುವ ಹಾವೇರಿಯ ಶಿಕ್ಷಕರೊಬ್ಬರು ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರನ್ನು ತಿಳಿದುಕೊಂಡೇ ಬರಬೇಕೆಂದು ಬಯಸುವುದು ನ್ಯಾಯವಲ್ಲ. ಎರಡನೆಯದು, ಸವೆದ ಕಲ್ಲಿಗೆ ಎದುರಿನಿಂದ ಬೆಳಕು ಚೆಲ್ಲಿ ತೆಗೆದ ಒಂದು ಚಿತ್ರ ಸಾಲದು. ಅಕ್ಷರದ ಆಳ ಕಾಣುವುದು ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದಾಗ. ಕ್ಷೇತ್ರಕಾರ್ಯ ಮಾಡುವ ಶಾಸನತಜ್ಞರು ಬೆಳಗಿನ ಅಥವಾ ಸಂಜೆಯ ಬಿಸಿಲಿಗಾಗಿ ಕಾಯುವುದು ಇದೇ ಕಾರಣಕ್ಕೆ. ಇತಿಹಾಸ ಸಂಶೋಧನಾ ಸಂಸ್ಥೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಬರಿಗಣ್ಣಿಗೆ ಕಾಣದ ಅಕ್ಷರಗಳನ್ನೂ ಓದುವಂತೆ ಮಾಡುತ್ತಿದೆ. ಗೋವಾದ ವೀರಗಲ್ಲುಗಳಿಗೂ ಅಂತಹ ಸ್ಕ್ಯಾನಿಂಗ್ ಆಗಬೇಕು, ಬೇಗ ಆಗಬೇಕು.

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಆ ಮೊದಲ ಹತ್ತರಲ್ಲಿ ಸೇರಿಲ್ಲ. ಅದರ ಆಯ್ದ ಸಂಗ್ರಹವನ್ನು 'ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್'ನಲ್ಲಿ ನೋಡಬಹುದು, ಬೈಕುಲಾದ ಭಾವು ದಾಜಿ ಲಾಡ್ ಸಂಗ್ರಹಾಲಯದ ಸಂಗ್ರಹವೂ ಅಲ್ಲಿ ಸಿಗುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡುವ ಸುಖದಲ್ಲಿ ಗೂಗಲ್ ಸೇವೆ ಮುಂದಿದೆ. ಚಿಕಣಿ (ಮಿನಿಯೇಚರ್) ವರ್ಣಚಿತ್ರಗಳ ಕುಂಚದ ಒಂದೊಂದು ಎಳೆಯನ್ನೂ ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ನೋಡುವುದಕ್ಕಿಂತ ಚೆನ್ನಾಗಿ ಪರದೆಯ ಮೇಲೆ ನೋಡಬಹುದು. ಶಿಲ್ಪದ ವಿಚಾರ ಬೇರೆ. ಅಂಗೈಯಗಲದ ಪರದೆಯಲ್ಲಿ ನಾಣ್ಯವೂ ನೆಲಗಟ್ಟಿನಷ್ಟು ದೊಡ್ಡ ಚಪ್ಪಡಿಯೂ ಒಂದೇ ಗಾತ್ರಕ್ಕೆ ಇಳಿದುಬಿಡುತ್ತವೆ.

1922ರಲ್ಲಿ ಸಾರ್ವಜನಿಕರಿಗೆ ತೆರೆದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಶಿಲ್ಪ ವಿಭಾಗದಲ್ಲಿ ಐಹೊಳೆಯಿಂದ ತಂದ 7ನೆಯ ಶತಮಾನದ ದೊಡ್ಡ ಚಪ್ಪಡಿಗಳಿವೆ. ಒಂದರಲ್ಲಿ ಋಷಿಗಳು ಸುತ್ತುವರಿದ ಬ್ರಹ್ಮ, ಮತ್ತೊಂದರಲ್ಲಿ ಶೇಷಶಾಯಿಯಾದ ವಿಷ್ಣು, ಇನ್ನೊಂದರಲ್ಲಿ ಪಾರ್ವತಿಯೊಡನೆ ಶಿವ. ಐಹೊಳೆ 1956ರವರೆಗೆ ಬಿಜಾಪುರ ಜಿಲ್ಲೆಯ ಭಾಗವಾಗಿ ಮುಂಬಯಿಯ ಆಡಳಿತದಲ್ಲಿತ್ತು ಎಂಬುದನ್ನು ನೆನೆದರೆ ಈ ಕಲ್ಲುಗಳು ಇಲ್ಲಿಗೆ ಬಂದ ದಾರಿ ಅರ್ಥವಾಗುತ್ತದೆ. ಇವು ದೇವಾಲಯದ ಒಳಮಾಳಿಗೆಯ, ಅಂದರೆ ಒಳಚಾವಣಿಯ, ಶಿಲ್ಪಗಳು. ಒಳಹೊಕ್ಕ ಭಕ್ತ ತಲೆಯೆತ್ತಿ ನೋಡಲೆಂದು ಶಿಲ್ಪಿ ಅವನ್ನು ಕಡೆದ. ಈಗ ನಾವು ನೆಟ್ಟಗೆ ನಿಂತು, ಕಣ್ಣಿನ ಮಟ್ಟದಲ್ಲಿ ನೋಡುತ್ತೇವೆ. ಎದುರಿನಿಂದ ತೆಗೆದ ಚಿತ್ರವೂ ಆ ನೋಟವನ್ನೇ ಗಟ್ಟಿಮಾಡುತ್ತದೆ. ಡಿಜಿಟಲ್ ತಂತ್ರಜ್ಞಾನಕ್ಕೆ ಮಾತ್ರ ಸಾಧ್ಯವಾಗುವ ಕೆಲಸ ಇಲ್ಲಿದೆ: ಚಪ್ಪಡಿಯನ್ನೂ ಐಹೊಳೆಯಲ್ಲಿ ಉಳಿದಿರುವ ಗುಡಿಯನ್ನೂ ಅಳತೆ ಮಾಡಿ, ಕಲ್ಲನ್ನು ಕದಲಿಸದೆ, ಪರದೆಯ ಮೇಲಾದರೂ ಅದನ್ನು ಮತ್ತೆ ಒಳಮಾಳಿಗೆಗೆ ಏರಿಸಿ ತೋರಿಸುವುದು. ಅದನ್ನು ಕಂಡ ದಿನ ಈ ಸೇವೆಗಳಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಸಂಗ್ರಹಾಲಯಗಳ ಒಳಗೆ ಅಂಟಿಸುವ ಕ್ಯೂಆರ್ ಕೋಡ್‌ಗಳ ಬಗೆಗೂ ಒಂದು ಮಾತು. ನಾನು ನೋಡಿದ ಒಂದು ಕಡೆ ದಪ್ಪ ಗೋಡೆಗಳ ನಡುವೆ ನೆಟ್‌ವರ್ಕ್ ಸಿಗದೆ, ಶಾಲೆಯ ಮಕ್ಕಳು ಮೊಬೈಲನ್ನು ಮೇಲೆತ್ತಿ ಹಿಡಿದು ಕಾದು, ಕೊನೆಗೆ ಕಲ್ಲನ್ನೂ ಸರಿಯಾಗಿ ನೋಡದೆ ಮುಂದೆ ಹೋದರು. ಕೋಡ್ ಅಂಟಿಸುವವರು ಉಚಿತ ವೈಫೈಯನ್ನೂ ಒದಗಿಸಬೇಕು, ಪಕ್ಕದಲ್ಲಿ ನಾಲ್ಕು ಸಾಲಿನ ಮುದ್ರಿತ ಫಲಕವನ್ನೂ ಉಳಿಸಿಕೊಳ್ಳಬೇಕು.

ಬಳಸುವವರಿಗೆ ನನ್ನ ಸಲಹೆ ಇಷ್ಟು. ಗೋವಾಕ್ಕೆ ಹೊರಡುವ ಮುನ್ನ ಹಳೆ ಗೋವಾದ ಪುಟವನ್ನು ಮೊಬೈಲಿನಲ್ಲಿ ಅಲ್ಲ, ದೊಡ್ಡ ಪರದೆಯ ಕಂಪ್ಯೂಟರಿನಲ್ಲಿ ತೆರೆದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ; ಬೇಕಾದ ವೀರಗಲ್ಲುಗಳ ಹೆಸರನ್ನೂ ಅವು ಸಿಕ್ಕಿದ ಊರನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿಗೆ ಹೋದಾಗ ಸಿಬ್ಬಂದಿಯನ್ನು ಹೆಸರು ಹಿಡಿದು ಕೇಳುವುದು ಸುಲಭವಾಗುತ್ತದೆ. ಶುಕ್ರವಾರ ಆ ಸಂಗ್ರಹಾಲಯಕ್ಕೆ ರಜೆ ಇರುವುದರಿಂದ ಪ್ರಯಾಣದ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು.