ಡಿಸೆಂಬರ್ ರಜೆಗೆ ಮಡಿಕೇರಿನಾ, ಚಿಕ್ಕಮಗಳೂರಾ?
ನನ್ನ ಓಟು ಚಿಕ್ಕಮಗಳೂರಿಗೇ. ಮಡಿಕೇರಿ ಚೆನ್ನಾಗಿಲ್ಲ ಅಂತಲ್ಲ, ರಾಜಾಸೀಟಲ್ಲಿ ಸಂಜೆ ಕೂತ್ರೆ ಎದ್ದು ಬರೋಕೆ ಮನಸ್ಸಾಗಲ್ಲ, ಕಡಂಬುಟ್ಟು ಪಂದಿ ಕರಿ (ಅಕ್ಕಿ ಕಡುಬು, ಹಂದಿ ಮಾಂಸದ ಸಾರು) ಅಂತೂ ಅಲ್ಲೇ ತಿನ್ಬೇಕು, ಆದ್ರೆ ಕ್ರಿಸ್‌ಮಸ್ ಟೈಮಲ್ಲಿ ವಿಪರೀತ ರಶ್ಶು, ಊರಿಗೆ ರೈಲೂ ಇಲ್ಲ. ಚಿಕ್ಕಮಗಳೂರಿಗೆ ರೈಲಿದೆ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಬೆಟ್ಟ, ಬೆಳಗ್ಗೆ ಬೇಗ ಹತ್ತಿದ್ರೆ ಗಾಳಿಗೆ ಕಿವಿ ಮರಗಟ್ಟುತ್ತೆ, ಮಂಕಿ ಕ್ಯಾಪ್ ಬೇಕೇ ಬೇಕು. ಡಿಸೆಂಬರಲ್ಲಿ ಅರೇಬಿಕಾ ಕಾಫಿ ಕೊಯ್ಲು ನಡೀತಿರುತ್ತೆ, ಗಿಡದ ತುಂಬ ಕೆಂಪು ಹಣ್ಣು, ಕಣದಲ್ಲಿ ಕಾಫಿ ಹರಡಿ ಒಣಗಿಸ್ತಿರ್ತಾರೆ, ಅದನ್ನ ನೋಡೋಕೆ ಅಂತಲೇ ಹೋಗ್ಬಹುದು ಕಣ್ರೀ. ಬೇಲೂರೂ ಹತ್ರ, ದೇವಸ್ಥಾನ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಬಿಡ್ಬೇಡಿ. ಹೋಮ್‌ಸ್ಟೇ ಮಾತ್ರ ಮುಂಚೆನೇ ಬುಕ್ ಮಾಡಿ, ವೀಕೆಂಡಲ್ಲಿ ರೇಟ್ ಸಿಕ್ಕಾಪಟ್ಟೆ ಏರುತ್ತೆ.